ಕಾಲು ಅಲ್ಲಾಡುವ ಸ್ಟೂಲು, ಬಾಗಿದ ಶೆಲ್ಫು, ಸೀಳಿದ ಮಣೆ: ಮರಗೆಲಸದ ಪ್ರಶ್ನೋತ್ತರ

ಮನೆಯಲ್ಲೇ ಮರಗೆಲಸ ಮಾಡುವವರ ಪ್ರಶ್ನೆಗಳಿಗೆ ಈ ಸಲದ ಪುಟ ಮೀಸಲು. ಬಂದ ಪತ್ರಗಳಲ್ಲಿ ಜಾಸ್ತಿ ಜನ ಕೇಳಿರುವುದು ಜಾಯಿಂಟುಗಳ ಬಗ್ಗೆ. ಯಾವುದು ಗಟ್ಟಿ, ಯಾವುದು ಬಿಟ್ಟುಕೊಳ್ಳುತ್ತದೆ, ಯಾಕೆ ಅಂತ. ಹಾಗಾಗಿ ಪಾಲಿಶ್, ಗೆದ್ದಲು, ಯಾವ ಮೆಷಿನ್ ಕೊಳ್ಳಬೇಕು ಅನ್ನುವ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ.

ಪ್ರಶ್ನೆ: ತೋಟದಲ್ಲಿ ಗಾಳಿಗೆ ಬಿದ್ದ ಸಿಲ್ವರ್ ಓಕ್ ಮರವನ್ನು ಸಾಮಿಲ್‌ನಲ್ಲಿ ಕುಯ್ಯಿಸಿ, ಅದರಲ್ಲೇ ಒಂದು ಸ್ಟೂಲ್ ಮಾಡಿದೆ. ಕಾಲಿಗೂ ಅಡ್ಡಪಟ್ಟಿಗೂ ಫೆವಿಕಾಲ್ ಹಚ್ಚಿ, ಒಂದೊಂದು ಕಡೆ ಎರಡೆರಡು ಸ್ಕ್ರೂ ಬಿಗಿದಿದ್ದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಾಡೋಕೆ ಶುರುವಾಯ್ತು. ಎಲ್ಲಕ್ಕಿಂತ ಗಟ್ಟಿ ಜಾಯಿಂಟ್ ಯಾವುದು ಅಂತ ಹೇಳಿಬಿಡಿ, ಇನ್ನು ಮುಂದೆ ಎಲ್ಲದಕ್ಕೂ ಅದನ್ನೇ ಹಾಕ್ತೀನಿ. — ಸಾಗರದ ಓದುಗರು

ಉತ್ತರ: ಎಲ್ಲದಕ್ಕೂ ಆಗುವಂಥ ಒಂದು ಜಾಯಿಂಟ್ ಇಲ್ಲ. ಇದ್ದಿದ್ದರೆ ಬಡಗಿಗಳು ಇಷ್ಟೊಂದು ಬಗೆ ಯಾಕೆ ಕಲಿಯುತ್ತಿದ್ದರು? ಮೊದಲು ನೋಡಬೇಕಾದದ್ದು ಆ ಜಾಗದಲ್ಲಿ ಮರವನ್ನು ಯಾವ ಕಡೆಗೆ ಎಳೆಯಲಾಗುತ್ತದೆ, ಯಾವ ಕಡೆಗೆ ತಿರುಚಲಾಗುತ್ತದೆ ಅನ್ನುವುದು. ಅದು ಗೊತ್ತಾದರೆ ಜಾಯಿಂಟ್ ತಾನಾಗಿ ಹೊಳೆಯುತ್ತದೆ.

ನಿಮ್ಮ ಸ್ಟೂಲ್‌ನಲ್ಲಿ ಏನಾಗಿದೆ ನೋಡಿ. ಮರ ಅನ್ನೋದು ಬಿಗಿಯಾಗಿ ಕಟ್ಟಿದ ಹುಲ್ಲಿನ ಕಂತೆ ಇದ್ದಹಾಗೆ. ನಾರೆಲ್ಲ ಉದ್ದಕ್ಕೆ ಓಡುತ್ತದೆ. ಅಡ್ಡಪಟ್ಟಿಯ ಕುಯ್ದ ತುದಿಯಲ್ಲಿ ಇರುವುದು ಬರೀ ನಾರಿನ ಬಾಯಿಗಳು. ಅಲ್ಲಿ ಹಚ್ಚಿದ ಅಂಟನ್ನು ಅವು ಒಳಗೆ ಹೀರಿಕೊಳ್ಳುತ್ತವೆ, ಮೇಲೆ ಹಿಡಿಯೋಕೆ ಏನೂ ಉಳಿಯುವುದಿಲ್ಲ. ಅದೇ ಅಂಟನ್ನು ಎರಡು ಪಟ್ಟಿಗಳ ಉದ್ದದ ಬದಿಗೆ ಹಚ್ಚಿ ಕ್ಲಾಂಪ್ ಬಿಗಿದು ಒಂದು ದಿನ ಬಿಟ್ಟು ಮುರಿಯಿರಿ, ಮರ ಮುರಿಯುತ್ತದೆ, ಅಂಟು ಬಿಡುವುದಿಲ್ಲ. ಸ್ಕ್ರೂಗೂ ಇದೇ ಕಥೆ. ಕಾಲನ್ನು ದಾಟಿ ಪಟ್ಟಿಯ ತುದಿಯೊಳಗೆ ಹೋದ ಸ್ಕ್ರೂ ನಾರನ್ನು ಚಿಕ್ಕ ಚಿಕ್ಕ ಚೂರಾಗಿ ಕತ್ತರಿಸಿರುತ್ತದೆ. ಯಾರಾದರೂ ಸ್ಟೂಲ್ ಮೇಲೆ ಕೂತು ಹಿಂದಕ್ಕೆ ವಾಲಿದಾಗಲೆಲ್ಲ ಆ ಚೂರುಗಳು ಸ್ವಲ್ಪ ಸ್ವಲ್ಪವೇ ಪುಡಿಯಾಗುತ್ತವೆ. ನಾಲ್ಕು ಕಾಲಿನ ಯಾವ ಸಾಮಾನಿನಲ್ಲೂ ಸಂದು ಬಿಡುವುದು ಹೀಗೇ. ನೇರ ಭಾರದಿಂದ ಬಿಡುವುದು ಕಮ್ಮಿ, ಆಚೀಚೆ ವಾಲಾಡುವುದರಿಂದಲೇ ಜಾಸ್ತಿ.

ವಾಲಾಟ ತಡೆಯೋಕೆ ಬೇಕಾದದ್ದು ಮಾರ್ಟಿಸ್ ಟೆನನ್. ಕಾಲಿನಲ್ಲಿ ಒಂದು ಉದ್ದನೆಯ ತೂತು, ಪಟ್ಟಿಯ ತುದಿಯಲ್ಲಿ ಅದರೊಳಗೆ ಕೂರುವ ಒಂದು ನಾಲಿಗೆ. ನಾಲಿಗೆಯ ಎರಡು ಬದಿಯೂ ನಾರಿನ ಉದ್ದಕ್ಕೇ ಇರುವುದರಿಂದ ಅಂಟು ಚೆನ್ನಾಗಿ ಹಿಡಿಯುತ್ತದೆ. ನಾಲಿಗೆಯ ಬುಡದಲ್ಲಿ ಬಿಟ್ಟ ಭುಜ ಕಾಲಿಗೆ ಒತ್ತಿ ನಿಲ್ಲುವುದರಿಂದ ಪಟ್ಟಿ ವಾಲುವುದಿಲ್ಲ. ಬಾಗಿಲ ಚೌಕಟ್ಟು, ಹಳೇ ಮಂಚ, ಎತ್ತಿನ ಗಾಡಿಯ ಚಕ್ರದ ಗುಂಬ ಎಲ್ಲದರಲ್ಲೂ ಇದೇ ಇದೆ. ತೊಟ್ಟಿ ಮನೆಯ ಕಂಬದ ಮೇಲೆ ಬೋದಿಗೆ ಕೂತಿರುವುದೂ ಹೀಗೇ, ಅಲ್ಲಿ ಅಂಟಿನ ಮಾತೇ ಇಲ್ಲ.

ಅಳತೆಗೆ ಬರೋಣ. ಕಾಲು 40 ಮಿ.ಮೀ. ಚೌಕ, ಪಟ್ಟಿ 20 ಮಿ.ಮೀ. ದಪ್ಪ, 60 ಮಿ.ಮೀ. ಅಗಲ ಅಂದುಕೊಳ್ಳಿ. ನಾಲಿಗೆಯ ದಪ್ಪ ಪಟ್ಟಿಯ ದಪ್ಪದ ಮೂರನೇ ಒಂದು ಪಾಲು ಅನ್ನುವುದು ರೂಢಿ, ಆದರೆ ಇಲ್ಲಿ ಕಾಲು ದಪ್ಪ ಇರುವುದರಿಂದ 8 ಮಿ.ಮೀ. ಇಟ್ಟರೂ ನಡೆಯುತ್ತದೆ. ನಿಜ ಹೇಳಬೇಕೆಂದರೆ ನಿಮ್ಮ ಹತ್ತಿರ ಇರುವ ಉಳಿಯ ಅಗಲವೇ ನಾಲಿಗೆಯ ದಪ್ಪ. ಲೆಕ್ಕ ಹಾಕಿ ಹೊಸ ಉಳಿ ತರೋಕೆ ಹೋಗಬೇಡಿ. ನಾಲಿಗೆಯ ಉದ್ದ 25 ಮಿ.ಮೀ., ತೂತಿನ ಆಳ 27. ಆ ಎರಡು ಮಿ.ಮೀ. ಜಾಗ ಹೆಚ್ಚಿನ ಅಂಟು ಹೋಗಿ ಕೂರೋಕೆ. ಇಲ್ಲದಿದ್ದರೆ ಭುಜ ಪೂರ್ತಿ ಕೂರುವುದಿಲ್ಲ. ಕಾಲಿನ ಮೇಲ್ತುದಿಯಲ್ಲಿ ಅರ್ಧ ಇಂಚಿನಷ್ಟಾದರೂ ತೂತಿಲ್ಲದ ಮರ ಉಳಿಸಿ, ಇಲ್ಲವಾದರೆ ಬಡಿಯುವಾಗ ಕಾಲು ಮೇಲಿಂದ ಸೀಳಿಕೊಳ್ಳುತ್ತದೆ. ಎರಡು ಪಟ್ಟಿಗಳು ಒಂದೇ ಕಾಲಿಗೆ ಬರುವ ಕಡೆ ನಾಲಿಗೆಗಳು ಒಳಗೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಅವುಗಳ ತುದಿಯನ್ನು 45 ಡಿಗ್ರಿಗೆ ಓರೆಯಾಗಿ ಕುಯ್ಯಿರಿ.

ಯಾವಾಗಲೂ ತೂತು ಮೊದಲು, ನಾಲಿಗೆ ಆಮೇಲೆ. ತೂತನ್ನು ಸರಿಮಾಡುವುದು ಕಷ್ಟ, ನಾಲಿಗೆಯನ್ನು ಉಳಿಯಿಂದ ಒಂದೊಂದೇ ಪದರ ಕೆತ್ತಿ ಕೂರಿಸುವುದು ಸುಲಭ. ಗುರುತನ್ನು ಪೆನ್ಸಿಲ್ಲಿನಿಂದ ಹಾಕಬೇಡಿ, ಚೂಪಾದ ಚಾಕುವಿನಿಂದ ಗೀರಿ. ಚಾಕುವಿನ ಗೀರಿನಲ್ಲಿ ಉಳಿಯ ಬಾಯಿ ತಾನೇ ಹೋಗಿ ಕೂರುತ್ತದೆ, ಅಂಚು ಹರಿಯುವುದಿಲ್ಲ. ಸರಿಯಾಗಿ ಕೂತಿದೆ ಅಂತ ಗೊತ್ತಾಗುವುದು ಕೈಗೆ. ಮುಕ್ಕಾಲು ಭಾಗ ಕೈಯಲ್ಲೇ ಒತ್ತಿದರೆ ಹೋಗಬೇಕು, ಕೊನೆಯ ಕಾಲುಭಾಗಕ್ಕೆ ಕೊಡತಿಯ ಎರಡು ಪೆಟ್ಟು ಸಾಕಾಗಬೇಕು. ಪೂರ್ತಿ ಬಡಿದೇ ಕೂರಿಸಬೇಕಾದರೆ ಕಾಲು ಸೀಳುತ್ತದೆ. ತಾನಾಗಿ ಜಾರಿ ಬಿದ್ದರೆ ಒಂದು ತೆಳು ಮರದ ಪದರವನ್ನು ನಾಲಿಗೆಗೆ ಅಂಟಿಸಿ ಮತ್ತೆ ಕೆತ್ತಿ, ನಾಚಿಕೆಪಡಬೇಡಿ, ಎಲ್ಲರೂ ಮಾಡುತ್ತಾರೆ.

ಇನ್ನೂ ಗಟ್ಟಿ ಬೇಕಾ? ಕಾಲಿನ ಬದಿಯಿಂದ 6 ಮಿ.ಮೀ. ತೂತು ಕೊರೆದು, ನಾಲಿಗೆಯ ತೂತನ್ನು ಮಾತ್ರ ಅದರ ನೇರಕ್ಕೆ ಇಡದೆ ಭುಜದ ಕಡೆಗೆ ಒಂದು ಮಿ.ಮೀ. ಸರಿಸಿ ಕೊರೆಯಿರಿ. ತುದಿ ಮೊನಚು ಮಾಡಿದ ಬಿದಿರಿನ ಅಥವಾ ಗಟ್ಟಿ ಮರದ ಗೂಟ ಬಡಿದರೆ ಅದು ನಾಲಿಗೆಯನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಕ್ಲಾಂಪೇ ಬೇಡ. ಮುಂದೆ ಅಂಟು ಸೋತರೂ ಸಂದು ಸೋಲುವುದಿಲ್ಲ.

ಇನ್ನೊಂದು ವಿಷಯ, ನೀವು ಪತ್ರದಲ್ಲಿ ಹೇಳಿಲ್ಲ ಆದರೆ ನನಗೆ ಅನುಮಾನ ಇದೆ. ಕುಯ್ಯಿಸಿದ ಮರ ಒಣಗೋಕೆ ಬಿಟ್ಟಿದ್ದೀರಾ? ನೆರಳಿನಲ್ಲಿ, ಹಲಗೆಗಳ ನಡುವೆ ರೀಪು ಕೊಟ್ಟು ಅಟ್ಟಿ ಹಾಕಿದರೆ ಇಂಚಿನ ದಪ್ಪಕ್ಕೆ ಸುಮಾರು ಒಂದು ವರ್ಷ ಬೇಕು. ಹಸಿ ಮರದಲ್ಲಿ ಮಾಡಿದ ಜಾಯಿಂಟ್ ಎಷ್ಟು ಚೆನ್ನಾಗಿದ್ದರೂ ಒಣಗುವಾಗ ನಾಲಿಗೆ ಕುಗ್ಗಿ ಸಡಿಲವಾಗುತ್ತದೆ.

ಈಗಿನ ಸ್ಟೂಲ್ ಎಸೆಯಬೇಡಿ. ಬಿಚ್ಚಿ, ಹಳೇ ಅಂಟನ್ನು ಪೂರ್ತಿ ಕೆರೆದು ತೆಗೆಯಿರಿ, ಒಣಗಿದ ಅಂಟಿನ ಮೇಲೆ ಹೊಸ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಆಮೇಲೆ ನಾಲ್ಕೂ ಮೂಲೆಗೆ ಒಳಗಿನಿಂದ ತ್ರಿಕೋನದ ತುಂಡು ಇಟ್ಟು, ಎರಡೂ ಪಟ್ಟಿಗಳಿಗೆ ಅಂಟು ಮತ್ತು ಸ್ಕ್ರೂ ಹಾಕಿ. ಕೆಳಗೆ ಇನ್ನೊಂದು ಸುತ್ತು ಅಡ್ಡಪಟ್ಟಿ ಕೊಟ್ಟರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಅಪಾರ್ಟ್‌ಮೆಂಟಿನಲ್ಲಿ ಇರುವವರು ನಾವು, ಉಳಿ ಕೊಡತಿ ಸದ್ದು ಮಾಡೋ ಹಾಗಿಲ್ಲ. 18 ಮಿ.ಮೀ. ಪ್ಲೈವುಡ್‌ನಲ್ಲಿ ಪುಸ್ತಕದ ಶೆಲ್ಫ್ ಮಾಡಿದೆ. ಮೂರೂವರೆ ಅಡಿ ಅಗಲ, ಐದು ಅಡಿ ಎತ್ತರ, ಹಿಂದೆ ಖಾಲಿ, ಗೋಡೆ ಕಾಣಲಿ ಅಂತ. ಹಲಗೆಗಳು ನಡುವೆ ಬಾಗಿವೆ, ಇಡೀ ಶೆಲ್ಫ್ ಒಂದು ಕಡೆಗೆ ವಾಲುತ್ತದೆ. ಜಾಯಿಂಟ್ ತಪ್ಪಾಯ್ತಾ? — ಬೆಂಗಳೂರಿನ ಓದುಗರು

ಉತ್ತರ: ಎರಡು ಬೇರೆ ಬೇರೆ ತೊಂದರೆಯನ್ನು ಒಂದೇ ಅಂದುಕೊಂಡಿದ್ದೀರಿ. ಹಲಗೆ ಬಾಗುವುದಕ್ಕೂ ಜಾಯಿಂಟಿಗೂ ಹೆಚ್ಚು ಸಂಬಂಧ ಇಲ್ಲ. ಹಲಗೆಯ ಉದ್ದ ದುಪ್ಪಟ್ಟಾದರೆ, ಒಂದೊಂದು ಅಡಿಗೆ ಅಷ್ಟಷ್ಟೇ ಪುಸ್ತಕ ಇಟ್ಟರೂ, ಬಾಗುವುದು ಹದಿನಾರು ಪಟ್ಟು ಆಗುತ್ತದೆ. 18 ಮಿ.ಮೀ. ಪ್ಲೈಗೆ ಪುಸ್ತಕದ ಭಾರ ಇದ್ದರೆ ಎರಡೂವರೆ ಅಡಿ ದಾಟಿಸಬೇಡಿ. ಈಗ ನಡುವೆ ಒಂದು ನಿಂತ ಹಲಗೆ ಕೊಡಿ. ಬೇಡ ಅಂದರೆ ಪ್ರತಿ ಹಲಗೆಯ ಮುಂದಿನ ಅಂಚಿಗೆ ಒಂದೂವರೆ ಇಂಚು ಅಗಲದ ಗಟ್ಟಿ ಮರದ ಪಟ್ಟಿಯನ್ನು ನಿಲ್ಲಿಸಿ ಅಂಟಿಸಿ. ನೋಡೋಕೂ ಚೆನ್ನಾಗಿರುತ್ತದೆ.

ವಾಲುವುದಕ್ಕೆ ಕಾರಣ ಆ ಖಾಲಿ ಬೆನ್ನು. 6 ಮಿ.ಮೀ. ಪ್ಲೈ ಒಂದನ್ನು ಹಿಂದೆ ಸುತ್ತ ಸ್ಕ್ರೂ ಹಾಕಿ ಕೂರಿಸಿದರೆ ಶೆಲ್ಫ್ ಅಲ್ಲಾಡುವುದಿಲ್ಲ, ಎಷ್ಟು ಒಳ್ಳೆಯ ಜಾಯಿಂಟ್ ಮಾಡಿದರೂ ಆ ಕೆಲಸ ಆಗುವುದಿಲ್ಲ. ಗೋಡೆ ಕಾಣಲೇಬೇಕು ಅಂದರೆ ಮೇಲೊಂದು ಕೆಳಗೊಂದು ನಾಲ್ಕು ಇಂಚಿನ ಪಟ್ಟಿಯಾದರೂ ಹಿಂದೆ ಹಾಕಿ. ಐದಡಿ ಎತ್ತರ ಇದೆ, ಮನೆಯಲ್ಲಿ ಮಕ್ಕಳಿದ್ದರೆ ಗೋಡೆಗೂ ಒಂದು ಬ್ರಾಕೆಟ್ ಬಿಗಿಯಿರಿ. ಇದನ್ನು ಮಾತ್ರ ನಾಳೆಗೆ ಇಡಬೇಡಿ.

ಹಲಗೆ ಕೂರುವ ಜಾಗಕ್ಕೆ ನಾನು ಹೇಳುವುದು ಗ್ರೂವ್. ಪಕ್ಕದ ಹಲಗೆಯಲ್ಲಿ 6 ಮಿ.ಮೀ. ಆಳದ ಕಾಲುವೆ ತೆಗೆಸಿ, ಶೆಲ್ಫ್ ಅದರೊಳಗೆ ಕೂರಲಿ. ಭಾರ ಮರದ ಮೇಲೇ ಬೀಳುತ್ತದೆ, ಸ್ಕ್ರೂ ಸುಮ್ನೆ ಹಿಡಿದುಕೊಂಡಿದ್ದರೆ ಸಾಕು. ಕಾಲುವೆ ಕೊರೆಯುವ ರೌಟರ್ ಮೆಷಿನ್ ಇಲ್ಲದಿದ್ದರೆ ಪ್ಲೈ ಕತ್ತರಿಸಿಕೊಡುವ ಅಂಗಡಿಯಲ್ಲೇ ಕೇಳಿ ನೋಡಿ, ಎಷ್ಟೋ ಕಡೆ ಮಾಡಿಕೊಡುತ್ತಾರೆ. ಒಂದು ಎಚ್ಚರಿಕೆ: 18 ಮಿ.ಮೀ. ಅಂತ ಬರೆದಿರುವ ಪ್ಲೈ ಎಷ್ಟೋ ಸಲ ಸರಿಯಾಗಿ 18 ಇರುವುದಿಲ್ಲ. ಗ್ರೂವ್ ತೆಗೆಯುವ ಮೊದಲು ನಿಮ್ಮ ಹಲಗೆಯನ್ನೇ ಅಳೆಯಿರಿ. ಪ್ಲೈನ ಅಂಚಿಗೆ ಸ್ಕ್ರೂ ಹಾಕುವಾಗ ಮೊದಲು ಸಣ್ಣ ತೂತು ಕೊರೆಯದಿದ್ದರೆ ಪದರ ಬಿಟ್ಟುಕೊಳ್ಳುತ್ತದೆ. ಎಂಡಿಎಫ್ ಅಥವಾ ಪಾರ್ಟಿಕಲ್ ಬೋರ್ಡ್ ಆದರೆ ಮಾಮೂಲಿ ಸ್ಕ್ರೂ ಬೇಡ, ದಪ್ಪ ಎಳೆಯ ಕಾನ್ಫರ್ಮಾಟ್ ಸ್ಕ್ರೂ ಕೇಳಿ ತನ್ನಿ.

ಪ್ರಶ್ನೆ: ವಿಡಿಯೋದಾಗ ನೋಡಿದ್ರ ಎಲ್ಲಾರೂ ಡವ್‌ಟೇಲ್ ಮಾಡ್ತಾರ್ರಿ. ಅದು ಬರದಿದ್ರ ಮರಗೆಲಸ ಬಂದಂಗಲ್ಲ ಅನ್ನೋ ಹಂಗ ಮಾತಾಡ್ತಾರ. ಕಲೀಬೇಕೇನು? — ಹುಬ್ಬಳ್ಳಿಯ ಓದುಗರು

ಉತ್ತರ: ಕಲಿಯಿರಿ, ಆದರೆ ಡ್ರಾಯರ್ ಮಾಡುವ ದಿನ. ಡ್ರಾಯರನ್ನು ದಿನಾ ಮುಂದಕ್ಕೆ ಎಳೆಯುತ್ತೇವೆ, ಮುಂದಿನ ಹಲಗೆ ಕಿತ್ತು ಬರಬಾರದು. ಡವ್‌ಟೇಲ್ ಅಂದರೆ ಎರಡು ಹಲಗೆಗಳ ತುದಿಗೆ ಹಲ್ಲು ಕುಯ್ದು ಮೂಲೆಯಲ್ಲಿ ಒಂದರೊಳಗೊಂದು ಕೂರಿಸುವ ಜಾಯಿಂಟ್. ಅದರ ಹಲ್ಲು ತುದಿಯಲ್ಲಿ ಅಗಲ, ಬುಡದಲ್ಲಿ ಸಣ್ಣ. ಎಳೆದಷ್ಟೂ ಬಿಗಿಯಾಗುತ್ತದೆ, ಅಂಟಿಲ್ಲದೆಯೂ ಕಿತ್ತು ಬರುವುದಿಲ್ಲ. ಆ ಎಳೆತ ಇಲ್ಲದ ಕಡೆ, ಉದಾಹರಣೆಗೆ ಗೋಡೆಗೆ ತೂಗುಹಾಕುವ ಸಣ್ಣ ಪೆಟ್ಟಿಗೆಗೆ, ಅದು ಬರೀ ಚಂದಕ್ಕೆ. ಚಂದಕ್ಕೆ ಮಾಡಬಾರದು ಅಂತಲ್ಲ, ಗಟ್ಟಿಗೆ ಅಂತ ಮಾಡಬೇಡಿ ಅಷ್ಟೇ.

ಹಲ್ಲಿನ ಓರೆ ಮೆದು ಮರಕ್ಕೆ ಆರಕ್ಕೆ ಒಂದು, ಅಂದರೆ ಆರು ಮಿ.ಮೀ. ಉದ್ದಕ್ಕೆ ಒಂದು ಮಿ.ಮೀ. ಓರೆ, ಗಟ್ಟಿ ಮರಕ್ಕೆ ಎಂಟಕ್ಕೆ ಒಂದು. ಇದಕ್ಕಿಂತ ಜಾಸ್ತಿ ಓರೆ ಮಾಡಿದರೆ ಹಲ್ಲಿನ ಮೂಲೆಗಳು ಉದುರುತ್ತವೆ. ಮೊದಲ ಸಲ ಅಭ್ಯಾಸಕ್ಕೆ ಪೈನ್ ಒಳ್ಳೆಯದು. ಅಲ್ಲಿಯವರೆಗೆ ಚೌಕಟ್ಟುಗಳಿಗೆ ಹಾಫ್ ಲ್ಯಾಪ್ ಮಾಡಿ. ಎರಡೂ ಪಟ್ಟಿಗಳ ಅರ್ಧ ದಪ್ಪ ತೆಗೆದು ಒಂದರ ಮೇಲೊಂದು ಕೂರಿಸುವುದು, ಒಂದು ಗರಗಸ ಒಂದು ಉಳಿ ಇದ್ದರೆ ಸಾಕು, ಅಂಟು ಹಿಡಿಯುವ ಜಾಗ ಕೈಯಗಲ ಸಿಗುತ್ತದೆ. ವಿಡಿಯೋದಲ್ಲಿ ಇದನ್ನು ಯಾರೂ ಜಾಸ್ತಿ ತೋರಿಸುವುದಿಲ್ಲ, ನೋಡೋಕೆ ಸೊಗಸಿಲ್ಲ ನೋಡಿ!

ಪ್ರಶ್ನೆ: ಜಗಲಿಗೆ ತೇಗದ ಬೆಂಚ್ ಮಾಡಿದೆ. ಎರಡನೇ ಮಳೆಗಾಲಕ್ಕೆ ಅಂಟು ಬಿಟ್ಟಿದೆ, ಮೊಳೆಯ ಸುತ್ತ ಕಪ್ಪು ಕಲೆ. ತೇಗ ಅಂದ್ರೆ ನೀರಿಗೆ ಹೆದರೋದಿಲ್ಲ ಅಂತಾರಲ್ಲ? — ಮಂಗಳೂರಿನ ಓದುಗರು

ಉತ್ತರ: ತೇಗ ಹೆದರುವುದಿಲ್ಲ, ಅಂಟು ಮೊಳೆ ಹೆದರುತ್ತವೆ. ತೇಗದಲ್ಲಿ ಎಣ್ಣೆ ಅಂಶ ಇದೆ, ಬಾಳಿಕೆಗೆ ಒಂದು ಕಾರಣ ಅದೇ, ಅಂಟು ಹಿಡಿಯದಿರುವುದಕ್ಕೂ ಅದೇ. ಅಂಟು ಹಚ್ಚುವ ದಿನವೇ ಆ ಜಾಗಕ್ಕೆ ಹತ್ತರಿ (ಮರದ ಮೈ ಹೆರೆದು ನಯ ಮಾಡುವ ಉಪಕರಣ) ಹೊಡೆದು ಹೊಸ ಮೈ ಮಾಡಿ, ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಆರಿದ ಕೂಡಲೇ ಅಂಟಿಸಿ. ಒರೆಸುವಾಗ ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಮಾಮೂಲಿ ಬಿಳಿ ಅಂಟು ನೀರು ಕುಡಿದರೆ ಮೆತ್ತಗಾಗುತ್ತದೆ. ಹೊರಗಿನ ಸಾಮಾನಿಗೆ ನೀರು ತಡೆಯುವ ಬಗೆಯದ್ದೇ ಬೇಕು, ಇಲ್ಲವೇ ಎಪಾಕ್ಸಿ.

ಕಪ್ಪು ಕಲೆ ಬಂದಿರುವುದು ಕಬ್ಬಿಣ, ನೀರು, ಮರದೊಳಗಿನ ಒಗರು ಮೂರೂ ಸೇರಿ. ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆ ಸ್ಕ್ರೂ ಹಾಕಿ. ಸ್ಟೀಲಿನಲ್ಲಿ ಮಾಮೂಲಿಯಾಗಿ ಸಿಗುವುದು 304 ಗ್ರೇಡ್, ಕಡಲ ಹತ್ತಿರ ಮನೆ ಇದ್ದರೆ 316 ಕೇಳಿ. ಹಿತ್ತಾಳೆ ಮೆದು, ಬಿಗಿಯುವಾಗ ತಲೆ ಮುರಿಯುತ್ತದೆ. ಅದಕ್ಕೆ ಮೊದಲು ಅದೇ ಅಳತೆಯ ಕಬ್ಬಿಣದ ಸ್ಕ್ರೂ ಹಾಕಿ ತೆಗೆದು ದಾರಿ ಮಾಡಿಕೊಂಡು, ಆಮೇಲೆ ಹಿತ್ತಾಳೆಯದ್ದು ಹಾಕಬೇಕು. ಇಷ್ಟೆಲ್ಲ ಮಾಡಿದರೂ ಹೊರಗಿನ ಬೆಂಚಿಗೆ ನಾನು ಬರೀ ಅಂಟನ್ನು ನಂಬುವುದಿಲ್ಲ. ಮೊದಲ ಉತ್ತರದಲ್ಲಿ ಹೇಳಿದ ಗೂಟದ ಜಾಯಿಂಟ್ ಮಾಡಿ, ಕೂರುವ ಪಟ್ಟಿಗಳ ನಡುವೆ ನೀರು ಇಳಿದುಹೋಗುವಷ್ಟು ಸಂದಿ ಬಿಡಿ.

ಪ್ರಶ್ನೆ: ಊರಿನಿಂದ ತಂದ ಹಲಸಿನ ಮಣೆ, ಅಜ್ಜಿಯ ಕಾಲದ್ದಲ್ಲ, ಹೋದ ಸಲ ಬಂದಾಗ ಹೊಸದಾಗಿ ಮಾಡಿಸಿದ್ದು. ಇಲ್ಲಿ ಮೊದಲ ಚಳಿಗಾಲದಲ್ಲೇ ನಡುವೆ ಉದ್ದಕ್ಕೆ ಸೀಳಿತು. ಕೆಳಗೆ ಎರಡು ಅಡ್ಡಪಟ್ಟಿ ಇವೆ, ಅಂಟು ಹಾಕಿ ಮೊಳೆ ಹೊಡೆದಿದ್ದಾರೆ. ಮರ ಕೆಟ್ಟದಾ? — ಟೊರೊಂಟೊದ ಓದುಗರು

ಉತ್ತರ: ಮರದ ತಪ್ಪಲ್ಲ. ಮರ ಉದ್ದಕ್ಕೆ ಹೆಚ್ಚುಕಮ್ಮಿ ಬದಲಾಗುವುದೇ ಇಲ್ಲ, ಅಗಲಕ್ಕೆ ಮಾತ್ರ ಗಾಳಿಯ ತೇವ ನೋಡಿಕೊಂಡು ಹಿಗ್ಗುತ್ತದೆ, ಕುಗ್ಗುತ್ತದೆ. ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಗಾಳಿ ತುಂಬಾ ಒಣ. ನಮ್ಮೂರಿನ ತೇವಕ್ಕೆ ಒಗ್ಗಿದ ಒಂದಡಿ ಅಗಲದ ಹಲಗೆ ಅಲ್ಲಿ ಮೂರು ನಾಲ್ಕು ಮಿ.ಮೀ. ಕುಗ್ಗಿದರೆ ಆಶ್ಚರ್ಯ ಇಲ್ಲ. ಮೇಲಿನ ಹಲಗೆ ಕುಗ್ಗೋಕೆ ನೋಡುತ್ತದೆ, ಕೆಳಗಿನ ಪಟ್ಟಿಯ ನಾರು ಅಡ್ಡಕ್ಕೆ ಇರುವುದರಿಂದ ಅದು ಕುಗ್ಗುವುದಿಲ್ಲ, ನಡುವೆ ಅಂಟು ಮೊಳೆ ಎರಡನ್ನೂ ಕಟ್ಟಿಹಾಕಿವೆ. ಸೀಳದೆ ಇನ್ನೇನು ಮಾಡೀತು?

ಪಟ್ಟಿಗಳನ್ನು ಬಿಡಿಸಿ. ಮಣೆಯನ್ನು ಮನೆಯೊಳಗೇ ಇಟ್ಟು ಆ ಗಾಳಿಗೆ ಒಗ್ಗೋಕೆ ಕೆಲವು ವಾರ ಬಿಡಿ, ಆಮೇಲೆ ಸೀಳಿಗೆ ಅಂಟು ತುಂಬಿಸಿ ಕ್ಲಾಂಪ್ ಹಾಕಿ. ಪಟ್ಟಿಯನ್ನು ಮತ್ತೆ ಹಾಕುವಾಗ ಅಂಟು ಬೇಡ. ಪ್ರತಿ ಪಟ್ಟಿಗೆ ಮೂರು ಸ್ಕ್ರೂ, ನಡುವಿನದ್ದು ಬಿಗಿ, ಆಚೀಚಿನ ಎರಡಕ್ಕೆ ಪಟ್ಟಿಯಲ್ಲಿ ದುಂಡು ತೂತಿನ ಬದಲು ಪಟ್ಟಿಯ ಉದ್ದಕ್ಕೆ ಎಳೆದ ಉದ್ದ ತೂತು ಮಾಡಿ, ವಾಷರ್ ಹಾಕಿ. ಹಲಗೆ ತನ್ನಷ್ಟಕ್ಕೆ ಸರಿದಾಡಿಕೊಂಡಿರುತ್ತದೆ. ಊಟದ ಮೇಜು, ಟೀಪಾಯಿ ಮಾಡುವವರೂ ಇದನ್ನು ನೆನಪಿಡಿ. ಮೇಲಿನ ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಸುತ್ತ ಅಂಟಿಸಿಬಿಡುವುದು ನಾನು ನೋಡುವ ತಪ್ಪುಗಳಲ್ಲಿ ಮೊದಲನೆಯದು. ಪ್ಲೈವುಡ್ ಆದರೆ ಪದರಗಳು ಒಂದಕ್ಕೊಂದು ಅಡ್ಡಡ್ಡ ಇರುವುದರಿಂದ ಈ ತಲೆನೋವಿಲ್ಲ.

ಪ್ರಶ್ನೆ: ಮೊಳೆಯಾ, ಸ್ಕ್ರೂವಾ? — ದಾವಣಗೆರೆಯ ಓದುಗರು

ಉತ್ತರ: ಅಡ್ಡಕ್ಕೆ ಜಾರುವ ಭಾರಕ್ಕೆ ಮೊಳೆ ಆಗುತ್ತದೆ, ಕೀಳುವ ಎಳೆತಕ್ಕೆ ಸ್ಕ್ರೂನೇ ಬೇಕು. ಮರದ ಕುಯ್ದ ತುದಿಗೇ ಸ್ಕ್ರೂ ಹಾಕಲೇಬೇಕಾಗಿ ಬಂದರೆ ಒಂದು ಉಪಾಯ ಇದೆ. ತುದಿಯಿಂದ ಸ್ವಲ್ಪ ಒಳಗೆ ಅಡ್ಡಲಾಗಿ ತೂತು ಕೊರೆದು ಗಟ್ಟಿ ಮರದ ಗೂಟ ಅಂಟಿಸಿ, ಸ್ಕ್ರೂ ಆ ಗೂಟವನ್ನು ದಾಟಿ ಹೋಗುವ ಹಾಗೆ ಹಾಕಿ. ಎಳೆಗಳಿಗೆ ಹಿಡಿಯೋಕೆ ನಾರು ಸಿಗುತ್ತದೆ.

ಪ್ರಶ್ನೆ: ಹಾಲಿಗೆ ಉಯ್ಯಾಲೆ ಮಣೆ ಮಾಡಬೇಕು ಅಂತ ಮನೆಯವರ ಆಸೆ. ಒಂದೂವರೆ ಅಡಿ ಅಗಲದ ಒಂದೇ ಹಲಗೆ ಸಿಗಲಿಲ್ಲ, ಎರಡನ್ನು ಸೇರಿಸಬೇಕು. ಇಬ್ಬರು ಕೂತರೆ ತಡೆಯುವಂಥ ಜಾಯಿಂಟ್ ಹೇಳಿ. — ಮಡಿಕೇರಿಯ ಓದುಗರು

ಉತ್ತರ: ಎರಡು ಹಲಗೆಯ ಬದಿಗಳನ್ನು ಹತ್ತರಿಯಿಂದ ಬೆಳಕು ನುಸುಳದ ಹಾಗೆ ನೇರ ಮಾಡಿ ಅಂಟಿಸಿದರೆ ಆ ಸಂದು ಗಟ್ಟಿಯೇ ಆಗುತ್ತದೆ, ನಾರು ಉದ್ದಕ್ಕೆ ಉದ್ದ ಸೇರುತ್ತದಲ್ಲ. ಆದರೂ ಮನುಷ್ಯರ ಭಾರವನ್ನು ಅಂಟಿನ ಮೇಲೆ ಬಿಡಬೇಡಿ. ಲೆಕ್ಕ ನೋಡಿ. ಇಬ್ಬರು ಸೇರಿ 120 ಕೆ.ಜಿ. ಇದ್ದು, 45 ಡಿಗ್ರಿಯಷ್ಟು ತೂಗಿದರೆ ಕೆಳಗೆ ಬರುವ ಕ್ಷಣದಲ್ಲಿ ಸರಪಳಿಗಳ ಮೇಲೆ ಸುಮಾರು 190 ಕೆ.ಜಿ.ಯಷ್ಟು ಎಳೆತ ಬೀಳುತ್ತದೆ. ಮಕ್ಕಳು ಇನ್ನೂ ಎತ್ತರಕ್ಕೆ ತೂಗುತ್ತಾರೆ, ತಡೆಯೋಕೆ ಆಗುತ್ತಾ?

ಹಾಗಾಗಿ ಮಣೆಯ ಕೆಳಗೆ ಎರಡು ತುದಿಗೆ ಒಂದೊಂದು ದಪ್ಪ ಅಡ್ಡಪಟ್ಟಿ, ಎರಡು ಇಂಚು ದಪ್ಪದ್ದು, ಹಲಗೆಗಿಂತ ಆಚೀಚೆ ಸ್ವಲ್ಪ ಚಾಚಿರಲಿ. ಸರಪಳಿಯ ಕೊಂಡಿ ಬರಬೇಕಾದದ್ದು ಆ ಪಟ್ಟಿಗೆ, ಹಲಗೆಗಲ್ಲ. ಆಗ ಹಲಗೆಗಳು ಪಟ್ಟಿಯ ಮೇಲೆ ಸುಮ್ನೆ ಕೂತಿರುತ್ತವೆ, ನಡುವಿನ ಅಂಟು ಬಿಟ್ಟರೂ ಯಾರೂ ಬೀಳುವುದಿಲ್ಲ. ಕೊಂಡಿಗೆ ಮರಕ್ಕೆ ಹಾಕುವ ಮಾಮೂಲಿ ಸ್ಕ್ರೂ ಬೇಡವೇ ಬೇಡ. ಪಟ್ಟಿಯನ್ನು ಪೂರ್ತಿ ದಾಟಿ ಹೋಗುವ 10 ಮಿ.ಮೀ. ಬೋಲ್ಟು, ಕೆಳಗೆ ಅಗಲದ ವಾಷರ್, ಅದರ ಕೆಳಗೆ ಒಳಗೆ ನೈಲಾನ್ ಬಳೆ ಇರುವ, ಸಡಿಲವಾಗದ ಸ್ಟೀಲ್ ನಟ್ಟು. ಬೋಲ್ಟಿನ ತೂತು ಪಟ್ಟಿಯ ತುದಿಯಿಂದ ಎರಡು ಇಂಚಾದರೂ ಒಳಗಿರಲಿ, ಇಲ್ಲದಿದ್ದರೆ ತುದಿ ಸೀಳುತ್ತದೆ. ಪಟ್ಟಿಯನ್ನು ಹಲಗೆಗೆ ಕಟ್ಟುವುದು ಟೊರೊಂಟೊದವರಿಗೆ ಹೇಳಿದ ಉದ್ದ ತೂತಿನ ಉಪಾಯದಲ್ಲೇ. ಮಡಿಕೇರಿಯ ಮಳೆಗಾಲದಲ್ಲಿ ಒಂದೂವರೆ ಅಡಿ ಹಲಗೆ ಸುಮ್ಮನೆ ಇರುವುದಿಲ್ಲ. ಪಟ್ಟಿಗೆ ಗಂಟಿಲ್ಲದ, ಉದ್ದಕ್ಕೆ ನೇರ ನಾರಿರುವ ಮತ್ತಿ ಅಥವಾ ತೇಗದ ಚೇಗು (ಮರದ ಒಳಗಿನ ಗಟ್ಟಿ ಭಾಗ) ಆರಿಸಿ, ಬಿಳಿ ಭಾಗ ಇರುವ ತುಂಡಿಗೆ ಕುಟ್ಟೆ ಹಿಡಿಯುತ್ತದೆ.

ಮೇಲಿನ ಕೊಕ್ಕೆಗಳು ಎಲ್ಲಿಗೆ ಬರುತ್ತವೆ ಅಂತ ನೀವು ಬರೆದಿಲ್ಲ. ಹಳೇ ಮನೆಯ ಮರದ ತೊಲೆಯಾದರೆ ಮೊದಲು ಒಂದು ಸ್ಕ್ರೂಡ್ರೈವರಿನಿಂದ ಅಲ್ಲಲ್ಲಿ ಚುಚ್ಚಿ ನೋಡಿ, ಗೆದ್ದಲು ತಿಂದಿದ್ದರೆ ಮೆತ್ತಗೆ ಇಳಿಯುತ್ತದೆ. ಆರ್‌ಸಿಸಿ ಆದರೆ ಸ್ಲ್ಯಾಬಿಗೆ ಬೇಡ, ಬೀಮಿಗೇ ಹಾಕಿಸಿ, ಅದೂ ಮನೆ ಕಟ್ಟಿದ ಎಂಜಿನಿಯರನ್ನು ಕೇಳಿಕೊಂಡು.